ಒಂದು ಚುಕ್ಕೆಗೆ ಒಂದು ಗುಂಟೆ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. 8 ಎಕರೆ ಕಾಫಿ ತೋಟ ಇದೆ. ಮಗಳು ಈ ವರ್ಷ ಬಿ.ಎಸ್ಸಿ. ಮುಗಿಸಿದಳು. ಈಗ ರಿಮೋಟ್ ಸೆನ್ಸಿಂಗ್ ಮತ್ತು ಜಿಐಎಸ್‌ನಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಅನ್ನುತ್ತಿದ್ದಾಳೆ. ಉಪಗ್ರಹದ ಚಿತ್ರ ಓದಿ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆಯಂತೆ. ಒಂದು ವಿಶ್ವವಿದ್ಯಾಲಯದ ಲ್ಯಾಬ್ ನೋಡಿಕೊಂಡು ಬಂದೆವು. ನನಗೆ ಕಂಡಿದ್ದು ಇಪ್ಪತ್ತು ಕಂಪ್ಯೂಟರ್, ಗೋಡೆ ಮೇಲೆ ಒಂದಷ್ಟು ಬಣ್ಣದ ನಕ್ಷೆ, ಅಷ್ಟೇ. ಇಷ್ಟಕ್ಕೆ ಎರಡು ವರ್ಷ ಯಾಕೆ, ಮನೆಯಲ್ಲೇ ಕೂತು ಕಲಿಯಬಾರದಾ? ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ, ಇದನ್ನು ಓದಿದರೆ ಅಲ್ಲಿ ಕೆಲಸ ಸಿಗುತ್ತದಾ? ಇನ್ನೊಂದು ವಿಷಯ. ಪಕ್ಕದ ತೋಟದವರ ಜೊತೆ ನಮಗೆ ಬೇಲಿ ತಕರಾರಿದೆ. ಉಪಗ್ರಹದ ಚಿತ್ರ ನೋಡಿ ಗಡಿ ಎಲ್ಲಿದೆ ಅಂತ ಹೇಳಬಹುದಾ?

ಉತ್ತರ: ಬೇಲಿ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆಗಲ್ಲ. ಯಾಕೆ ಆಗಲ್ಲ ಅಂತ ಹೇಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕ ಹಾಗೆ.

ಉಪಗ್ರಹದ ಚಿತ್ರವನ್ನು ಹಿಗ್ಗಿಸುತ್ತಾ ಹೋದರೆ ಕೊನೆಗೆ ಸಿಗುವುದು ಪುಟ್ಟ ಪುಟ್ಟ ಚೌಕ. ಪಿಕ್ಸೆಲ್ ಅನ್ನುತ್ತಾರೆ. ಪಾಠ ಮಾಡುವಾಗ ನಾನು ಹುಡುಗರಿಗೆ ಚುಕ್ಕೆ ಅಂತಲೇ ಹೇಳುವುದು. ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಒಂದು ಚುಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ಈಗ ನಮ್ಮ ಸರ್ವೆಯವರ ಲೆಕ್ಕಕ್ಕೆ ಬನ್ನಿ. ಒಂದು ಚೈನು 33 ಅಡಿ. 33ಕ್ಕೆ 33 ಅಡಿ ಅಂದರೆ ಒಂದು ಗುಂಟೆ. ಮೀಟರ್ ಲೆಕ್ಕದಲ್ಲಿ 101 ಚದರ ಮೀಟರ್ ಚಿಲ್ಲರೆ. ಯುರೋಪಿನವರಿಗೆ ಗುಂಟೆಯ ಗಂಧಗಾಳಿ ಇಲ್ಲ. ಆದರೂ ಅವರ ಒಂದು ಚುಕ್ಕೆ ನಮ್ಮ ಒಂದು ಗುಂಟೆ ಮೇಲೆ ಅಳೆದಿಟ್ಟ ಹಾಗೆ ಕೂರುತ್ತದೆ!

ನಿಮ್ಮ 8 ಎಕರೆ ಅಂದರೆ 320 ಗುಂಟೆ. ಹತ್ತಿರ ಹತ್ತಿರ 320 ಚುಕ್ಕೆ. ತೋಟದ ನಡುವಿನ ಚುಕ್ಕೆಗಳದ್ದು ತಕರಾರಿಲ್ಲ. ಬೇಲಿ ಹಾದುಹೋಗುವ ಚುಕ್ಕೆ ಇದೆಯಲ್ಲ, ಅದರೊಳಗೆ ನಿಮ್ಮ ಸಿಲ್ವರ್ ಮರವೂ ಇದೆ, ಅವರ ಹಲಸಿನ ಮರವೂ ಇದೆ. ಉಪಗ್ರಹ ಎರಡನ್ನೂ ಕಲಸಿ ಒಂದೇ ಬಣ್ಣ ಕೊಡುತ್ತದೆ. ನಿಮ್ಮ ಜಗಳ ಇರುವುದು ಬಹುಶಃ ನಾಲ್ಕೈದು ಅಡಿಯದ್ದು. ಅದು 33 ಅಡಿಯ ಚುಕ್ಕೆಯೊಳಗೆ ಮುಳುಗಿಹೋಗುತ್ತದೆ. ಮೊಬೈಲಿನಲ್ಲಿ ಕಾಣುವ ನಕ್ಷೆಗಳಲ್ಲಿ ಇದಕ್ಕಿಂತ ಸಣ್ಣ ಚುಕ್ಕೆ ಇರುತ್ತೆ, ನಿಜ. ಆದರೆ ಆ ಚಿತ್ರ ಕೆಲವು ಮೀಟರ್ ಆಚೀಚೆ ಸರಿದು ಕೂತಿರಬಹುದು. ಸಾಲದ್ದಕ್ಕೆ ನಿಮ್ಮ ಬೇಲಿ ಮರಗಳ ಕೆಳಗಿದೆ.

ಗಡಿ ಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ಟಿಪ್ಪಣಿ, ಆಕಾರಬಂದ್ ಅನ್ನುವ ಸರ್ವೆ ದಾಖಲೆ ಹಿಡಿದು ಬಂದು ಅಳೆದು ಕಲ್ಲು ತೋರಿಸಲಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರ ದಿಶಾಂಕ್ ಆ್ಯಪ್ ನೋಡಿರುತ್ತೀರಿ. ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಅಂದಾಜಿಗೆ ತುಂಬಾ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಅದನ್ನೇ ಹಿಡಿದುಕೊಂಡು ಜಗಳಕ್ಕೆ ಮಾತ್ರ ಹೋಗಬೇಡಿ.

ಈಗ ಎಂಸಿಎಫ್. ಸಾಲಗಾಮೆ ರಸ್ತೆಯಲ್ಲಿ ಆ ದೊಡ್ಡ ಬಿಳಿ ಬಟ್ಟಲುಗಳನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆಲ್ಲ ಇದೇ ಅನುಮಾನ. ಬಸ್ಸಿನಲ್ಲಿ ಪಕ್ಕ ಕೂತವರು ಎಷ್ಟೋ ಸಲ ಕೇಳಿದ್ದಾರೆ, ‘ಅಲ್ಲಿ ಕೂತ್ಕೊಂಡು ನಮ್ಮ ಮನೆ ನೋಡ್ತಾರಂತೆ ಹೌದಾ?’ ಅಂತ. ಅಲ್ಲಿ ನಡೆಯುವ ಕೆಲಸ ಬೇರೆ. 1982ರಲ್ಲಿ ಶುರುವಾದ ಆ ಕೇಂದ್ರ ಇನ್ಸಾಟ್, ಜಿಸ್ಯಾಟ್ ತರಹದ ಉಪಗ್ರಹಗಳ ಲಗಾಮು ಹಿಡಿದಿದೆ. ಟಿವಿ, ಫೋನು, ಹವಾಮಾನಕ್ಕೆ ಬೇಕಾದವು ಅವು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತ ಹಾಗೆ. ಹೊಲ, ಕಾಡು, ಕೆರೆ ನೋಡುವ ಉಪಗ್ರಹಗಳು 700–800 ಕಿ.ಮೀ. ಎತ್ತರದಲ್ಲೇ ಧ್ರುವದಿಂದ ಧ್ರುವಕ್ಕೆ ಓಡುತ್ತಿರುತ್ತವೆ. ನಮ್ಮ ದೇಶದ ಅಂಥ ಉಪಗ್ರಹಗಳ ಚಿತ್ರ ಇಳಿಯುವುದು ಹೈದರಾಬಾದ್ ಹತ್ತಿರದ ಶಾದ್‌ನಗರದಲ್ಲಿ. ಎಂಸಿಎಫ್‌ಗೆ ಹೆಚ್ಚಾಗಿ ಬೇಕಾಗುವುದು ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಂಜಿನಿಯರ್‌ಗಳು. ಮನೆಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಈ ಕೋರ್ಸ್ ಸೇರುವುದು ಬೇಡ.

ಹಾಗಾದರೆ ಲ್ಯಾಬಿನಲ್ಲಿ ಮಾಡುವುದೇನು? ನೀವು ನೋಡಿದ್ದು ಸರಿ, ಕಂಪ್ಯೂಟರ್‌ಗಳೇ ಜಾಸ್ತಿ. ಮೂಲೆಯ ಬೀರುವಿನಲ್ಲಿ ಸ್ಟೀರಿಯೊಸ್ಕೋಪ್ ಅಂತ ಒಂದಿರುತ್ತದೆ, ಧೂಳು ಹಿಡಿದಿರುತ್ತೆ. ಮುಂದಿನ ಸಲ ಹೋದಾಗ ತೆಗೆಸಿ ನೋಡಿ. ಒಂದೇ ಜಾಗವನ್ನು ವಿಮಾನದಿಂದ ಎರಡು ಕಡೆಯಿಂದ ತೆಗೆದ ಜೋಡಿ ಫೋಟೊ ಅದರ ಕೆಳಗಿಡುತ್ತಾರೆ. ಕನ್ನಡಿ ಮೇಲೆ ಬಗ್ಗಿ ಎರಡು ಕಣ್ಣಲ್ಲೂ ನೋಡಬೇಕು. ಮೊದಲು ಎರಡೆರಡು ಚಿತ್ರ ತೇಲಾಡುತ್ತವೆ, ತಲೆ ಸುತ್ತಿದ ಹಾಗಾಗುತ್ತದೆ. ಬೆರಳಲ್ಲಿ ಒಂದು ಫೋಟೊವನ್ನು ಕೂದಲೆಳೆಯಷ್ಟು ಸರಿಸಿ. ಇದ್ದಕ್ಕಿದ್ದಂತೆ ಗುಡ್ಡ ಕಾಗದದಿಂದ ಎದ್ದು ಮೂಗಿಗೆ ತಾಗುವ ಹಾಗೆ ಬರುತ್ತದೆ. ಎರಡು ವರ್ಷದಲ್ಲಿ ಹುಡುಗರು ‘ಅಯ್ಯೋ!’ ಅಂತ ಕೂಗುವುದು ಆ ಒಂದು ದಿನ.

ಕಂಪ್ಯೂಟರ್ ಕೆಲಸದಲ್ಲೂ ಮೊದಲ ದಿನ ಒಂದು ಗಲಿಬಿಲಿ ಇದ್ದೇ ಇರುತ್ತದೆ. ಮಲೆನಾಡಿನ ಚಿತ್ರ ತೆರೆದರೆ ಇಡೀ ಪರದೆ ಕೆಂಪು. ಹಸಿರು ಎಲ್ಲಿ ಹೋಯಿತು ಸಾರ್ ಅಂತಾರೆ. ಎಲೆ ತನ್ನ ಅಡುಗೆಗೆ ಕೆಂಪು ಬೆಳಕನ್ನು ನುಂಗಿಕೊಳ್ಳುತ್ತದೆ. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಅನ್ನುವ ಬೆಳಕಿದೆ. ಅದು ಎಲೆಗೆ ಬೇಡ, ಅರ್ಧದಷ್ಟನ್ನು ವಾಪಸ್ ಎಸೆಯುತ್ತದೆ. ಉಪಗ್ರಹಕ್ಕೆ ಆ ಬೆಳಕು ಕಾಣುತ್ತದೆ. ನಮಗೂ ಕಾಣಲಿ ಅಂತ ಅದಕ್ಕೆ ಕೆಂಪು ಬಣ್ಣ ಬಳಿದು ತೋರಿಸುತ್ತಾರೆ. ಗಿಡ ಸೊಂಪಾಗಿದ್ದಷ್ಟೂ ಕೆಂಪು ಜಾಸ್ತಿ. ಈ ಎರಡು ಬೆಳಕಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಅನ್ನುವ ಸಂಖ್ಯೆ ಬರುತ್ತದೆ. ಈ ಶಾಸ್ತ್ರದ ಮಗ್ಗಿ ಅದೇ. ದಟ್ಟ ಹಸಿರಿಗೆ 0.7, 0.8ರ ಆಸುಪಾಸು, ರಾಗಿ ಕೊಯ್ದ ಹೊಲಕ್ಕೆ 0.2ರ ಆಸುಪಾಸು.

ನಾನು ಕೊಡುವ ಮೊದಲ ಅಭ್ಯಾಸ ಗೊರೂರಿನ ಹೇಮಾವತಿ ಹಿನ್ನೀರು. ನೀರು ಈ ಕಾಣದ ಬೆಳಕನ್ನು ಪೂರ್ತಿ ಕುಡಿದುಬಿಡುತ್ತೆ, ಹಾಗಾಗಿ ಚಿತ್ರದಲ್ಲಿ ಕಪ್ಪು. ಮಳೆಗಾಲ ಮುಗಿದ ಮೇಲಿನ ಒಂದು ಚಿತ್ರ, ಏಪ್ರಿಲ್‌ನ ಒಂದು ಚಿತ್ರ ಪಕ್ಕ ಪಕ್ಕ ಇಟ್ಟು ನೀರಿನ ಅಂಚು ಗೆರೆ ಎಳೆಯಿರಿ ಅನ್ನುತ್ತೇನೆ. ಅಷ್ಟರಲ್ಲಿ ಯಾರಾದರೊಬ್ಬರು ಶೆಟ್ಟಿಹಳ್ಳಿ ಚರ್ಚ್ ಹುಡುಕಲು ಶುರು ಮಾಡಿರುತ್ತಾರೆ. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಆ ಪಾಳು ಗೋಡೆ ಯಾರಿಗೆ ಗೊತ್ತಿಲ್ಲ? ಹಿಗ್ಗಿಸುತ್ತಾರೆ, ಇನ್ನೂ ಹಿಗ್ಗಿಸುತ್ತಾರೆ. ಕೊನೆಗೆ ಸಿಗುವುದು ಕೆಲವೇ ಬೂದು ಚೌಕ. ಕಮಾನೂ ಇಲ್ಲ, ಗೋಡೆಯೂ ಇಲ್ಲ. ಇಂಥ ಚಿತ್ರದಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ ಅನ್ನುವುದು ಅಲ್ಲಿಗೆ ಮನದಟ್ಟಾಗುತ್ತದೆ. ನನ್ನ ಒಂದು ಗಂಟೆ ಪಾಠ ಉಳಿಯುತ್ತದೆ.

ಇನ್ನು ನಿಮಗೆ ಬೇಕಾದ ವಿಷಯ, ಕಾಫಿ. ಉಪಗ್ರಹಕ್ಕೆ ಕಾಫಿ ಗೊತ್ತಿಲ್ಲ. ಅದಕ್ಕೆ ಕಾಣುವುದು ಮೇಲಿನ ಮರದ ನೆತ್ತಿ. ಬಯಲು ಸೀಮೆಯ ಕಬ್ಬು, ಜೋಳದ ಹೊಲ ಗುರುತಿಸುವುದು ಸುಲಭ. ನಮ್ಮ ಕಡೆ ಕಾಫಿ ನೆರಳಲ್ಲಿ ಬೆಳೆಯುತ್ತೆ. ಮತ್ತಿ, ನಂದಿ, ಹಲಸು, ಅತ್ತಿ, ಸಿಲ್ವರ್, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಮೇಲಿನಿಂದ ನೋಡಿದರೆ ಅಸಲು ಕಾಡಿನ ಹಾಗೇ.

ಕೆಲವು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಂದು ಹಳ್ಳಿಗೆ ಹುಡುಗರ ಜೊತೆ ಹೋಗಿದ್ದೆ. ಕೈಯಲ್ಲಿ ಲ್ಯಾಬಿನಲ್ಲಿ ಮಾಡಿದ ನಕ್ಷೆ. ಒಂದು ಕಡೆ ಕಡುಹಸಿರು ಬಳಿದು ‘ದಟ್ಟ ಅರಣ್ಯ’ ಅಂತ ಬರೆದಿತ್ತು. ಜೀಪ್ ನಿಲ್ಲಿಸಿ ಇಳಿದರೆ ಎದುರಿಗೆ ಆಳುಗಳ ಲೈನ್ ಮನೆ, ಬೊಗಳುವ ಎರಡು ನಾಯಿ, ಕಣದ ತುಂಬ ಹರವಿದ ಕಾಫಿ. ತೋಟದ ಲೆಕ್ಕ ಬರೆಯುವ ರೈಟರ್ ಬಂದು ನಕ್ಷೆ ನೋಡಿ ನಕ್ಕರು. ‘ಕಾಡಾ? ನಮ್ಮ ಯಜಮಾನ್ರ ಅಜ್ಜ ಹಾಕಿಸಿದ ತೋಟ ಸಾರ್ ಇದು.’ ಹುಡುಗರ ಮುಖ ಸಣ್ಣದಾಯಿತು. ಟೀ ಕೊಟ್ಟರು. ಟೀ ಕುಡಿಯುತ್ತಾ ನಾನು ಸುಮ್ನೆ ಕೇಳಿದೆ, ಇದನ್ನು ಕಾಡಿಂದ ಬೇರೆ ಮಾಡಿ ಗುರುತಿಸೋದು ಹೇಗೆ ಅಂತ. ಅವರು ಹೇಳಿದ್ದು: ‘ಮರಗಸಿ ಆದ್ಮೇಲೆ ನೋಡಿ. ಕಾಡಿಗೆ ಯಾರು ಮರಗಸಿ ಮಾಡ್ತಾರೆ?’

ಆ ಒಂದು ಮಾತು ನಮ್ಮ ಇಡೀ ಸೆಮಿಸ್ಟರ್‌ನ ಕೆಲಸ ತಿದ್ದಿತು. ಮಳೆ ಹಿಡಿಯುವ ಮುಂಚೆ ಮರಗಸಿ ಅಂತ ನೆರಳಿನ ಮರದ ಕೊಂಬೆ ಕಡಿದಾಗ ತೋಟದ ಹಸಿರು ಸಂಖ್ಯೆ ದಿಢೀರ್ ಇಳಿಯುತ್ತದೆ. ಅದೂ ಬ್ಲಾಕ್ ಬ್ಲಾಕ್ ಆಗಿ, ನೇರ ಅಂಚಿನಲ್ಲಿ. ಕಾಡಿನಲ್ಲಿ ಹಾಗಾಗುವುದಿಲ್ಲ. ರೊಬಸ್ಟಾ ತೋಟದಲ್ಲಿ ಹೂವಿಗೆ ಅಂತ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ, ಅದು ಇನ್ನೊಂದು ಸುಳಿವು. ಭದ್ರಾ ಅಭಯಾರಣ್ಯದ ಕಡೆಯ ಎಲೆ ಉದುರುವ ಕಾಡು ಆ ಹೊತ್ತಿಗೆ ಬೋಳಾಗಿರುತ್ತದೆ, ತೋಟ ಹಸಿರಾಗಿರುತ್ತದೆ. ನಿಮ್ಮ ಬಿಸಿಲೆ ಕಡೆ ಮಾತ್ರ ಈ ಉಪಾಯ ನಡೆಯಲ್ಲ. ಅಲ್ಲಿಯ ಕಾಡು ವರ್ಷವಿಡೀ ಹಸಿರು. ಅಲ್ಲಿ ಕಾಲಲ್ಲಿ ನಡೆದೇ ನೋಡಬೇಕು. ಒಂದೊಂದು ಜಾಗದಲ್ಲೂ ನಿಂತು ಜಿಪಿಎಸ್ ಒತ್ತಿ, ಇದು ತೋಟ, ಇದು ಕಾಡು, ಇದು ಏಲಕ್ಕಿ ಅಂತ ಬರೆದುಕೊಂಡು ಬರಬೇಕು. ಗ್ರೌಂಡ್ ಟ್ರೂತ್ ಅಂತ ಹೆಸರು. ಲ್ಯಾಬಿನ ಅರ್ಧ ಕೆಲಸ ಲ್ಯಾಬಿನ ಹೊರಗೇ ಇರುವುದು.

ಇದೆಲ್ಲ ಬರೀ ಪರೀಕ್ಷೆಗೆ ಅಂತ ತಿಳಿಯಬೇಡಿ. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದ ಕಾಫಿ ಅಲ್ಲಿ ಮಾರುವ ಹಾಗಿಲ್ಲ. ಕಾಫಿ ಬೆಳೆದ ಜಾಗ ಯಾವುದು ಅಂತ ಅಕ್ಷಾಂಶ, ರೇಖಾಂಶದ ಸಮೇತ ಕೊಡಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ಜಾಗವಾದರೆ ಸುತ್ತಲಿನ ಗಡಿ ಪೂರ್ತಿ ಕೊಡಬೇಕು. ನಿಮ್ಮದು 8 ಎಕರೆ, ಅಂದರೆ ಸುಮಾರು 3.2 ಹೆಕ್ಟೇರ್, ಒಂದು ಬಿಂದು ಸಾಕು. ಜಾರಿಯ ದಿನ ಮುಂದೆ ಮುಂದೆ ಹೋಗುತ್ತಲೇ ಇದೆ, ಅದು ಬೇರೆ ಮಾತು. ಈಗ ಯೋಚನೆ ಮಾಡಿ. ಎಲ್ಲೋ ಕೂತವರು ಕಂಪ್ಯೂಟರ್‌ನಲ್ಲಿ ನಕ್ಷೆ ತೆರೆಯುತ್ತಾರೆ. ನಿಮ್ಮ ತೋಟ 2020ರಲ್ಲಿ ‘ಅರಣ್ಯ’ ಅಂತ ಬಂದಿದೆ. ಆಮೇಲೊಂದು ವರ್ಷ ನೀವು ಜೋರಾಗಿ ಮರಗಸಿ ಮಾಡಿದ್ದೀರಿ, ಹಸಿರು ಇಳಿದಿದೆ. ಕಾಡು ಕಡಿದಿದ್ದಾರೆ ಅಂತ ಬರೆದುಬಿಟ್ಟರೆ? ಇಲ್ಲ ಸ್ವಾಮಿ, ಅದು ಮರಗಸಿ ಅಂತ ಲೆಕ್ಕ ಸಮೇತ ತೋರಿಸಲು ತೋಟ, ಉಪಗ್ರಹದ ಚಿತ್ರ ಎರಡೂ ಗೊತ್ತಿರುವವರು ಬೇಕು. ನಿಮ್ಮ ಮಗಳಿಗೆ ತೋಟದ ಅರ್ಧ ಆಗಲೇ ಗೊತ್ತಿದೆ. ಬೆಂಗಳೂರಿನಲ್ಲೇ ಬೆಳೆದ ಹುಡುಗರಿಗೆ ನಾನು ಒಂದು ವರ್ಷ ಹೇಳಿಕೊಟ್ಟರೂ ಆ ಕಣ್ಣು ಬರುವುದು ಕಷ್ಟ.

ಮೋಡದ ಕಾಟ ಇನ್ನೊಂದು. ಸೆಂಟಿನೆಲ್–2ರ ಜೋಡಿ ಐದು ದಿನಕ್ಕೊಮ್ಮೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ತಲೆ ಮೇಲೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಿ ಏನು ಬಂತು, ಸಕಲೇಶಪುರದ ಮೇಲೆ ಬರೀ ಮೋಡ. ಹಾಸನದ ಆಲೂಗೆಡ್ಡೆಯ ಕತೆಯೂ ಅದೇ. ಮುಂಗಾರಿನಲ್ಲಿ ಬಿತ್ತಿ, ಮೋಡ ಸರಿಯುವಷ್ಟರಲ್ಲಿ ಕಿತ್ತು ಮುಗಿದಿರುತ್ತದೆ. ಅಂಗಮಾರಿ ಬಂದು ಬಳ್ಳಿ ಕರಕಲಾದರೂ ಮೇಲಿನಿಂದ ಗೊತ್ತಾಗಲ್ಲ. ಇದಕ್ಕೆ ರೇಡಾರ್ ಉಪಗ್ರಹ ಇದೆ. ತನ್ನದೇ ಅಲೆ ಕಳಿಸಿ ವಾಪಸ್ ಬಂದಿದ್ದನ್ನು ಕೇಳಿಸಿಕೊಳ್ಳುತ್ತದೆ. ಮೋಡ, ಕತ್ತಲೆ ಯಾವುದೂ ಅಡ್ಡಿಯಿಲ್ಲ. ಯುರೋಪಿನವರದ್ದೇ ರೇಡಾರ್ ಉಪಗ್ರಹ ಸೆಂಟಿನೆಲ್–1ರ ಅಲೆ ಐದೂವರೆ ಸೆಂ.ಮೀ. ಇರುವುದರಿಂದ ಮೇಲಿನ ಎಲೆ, ರೆಂಬೆಯಲ್ಲೇ ಚದುರಿಹೋಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ–ಇಸ್ರೋದ ನಿಸಾರ್‌ನಲ್ಲಿ ಸುಮಾರು 24 ಸೆಂ.ಮೀ. ಅಲೆಯೂ ಇದೆ. ಅದು ಕೊಂಬೆ, ಕಾಂಡದವರೆಗೆ ಇಳಿಯಬಲ್ಲದು. ನೆರಳಿನ ಕಾಫಿಗೆ ಅದು ಏನು ಹೇಳುತ್ತದೋ ನೋಡಬೇಕು ಅಂತ ನನಗಂತೂ ಭಾರಿ ಕುತೂಹಲ. ಆದರೆ ಘಟ್ಟದ ಇಳಿಜಾರಿನಲ್ಲಿ ರೇಡಾರ್ ಚಿತ್ರ ಒಂದು ಕಡೆ ಹಿಸುಕಿ ಇನ್ನೊಂದು ಕಡೆ ನೆರಳಾಗುತ್ತದೆ. ಓದುವುದು ಕಷ್ಟ. 2018ರ ಆಗಸ್ಟ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯಲ್ಲಿ ಗುಡ್ಡ ಕುಸಿಯಿತಲ್ಲ, ಅಂಥ ಜಾಗ ಹುಡುಕುವಾಗ ಇದೇ ತಲೆನೋವು.

ಮನೆಯಲ್ಲೇ ಕಲಿಯಬಾರದಾ ಅಂದಿರಿ. ಸಾಫ್ಟ್‌ವೇರ್ ಮಟ್ಟಿಗೆ ಧಾರಾಳವಾಗಿ ಕಲಿಯಬಹುದು. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ. ಚಿತ್ರಗಳೂ ಪುಕ್ಕಟೆ. ಇಸ್ರೋದ ನಕ್ಷೆ ಜಾಲತಾಣ ಭುವನ್ 2009ರಿಂದ ಇದೆ, ಅಮೆರಿಕದ ಲ್ಯಾಂಡ್‌ಸ್ಯಾಟ್‌ನ 1972ರಿಂದೀಚಿನ ಚಿತ್ರಗಳು 2008ರಿಂದ ಎಲ್ಲರಿಗೂ ತೆರೆದಿವೆ. ಡೆಹ್ರಾಡೂನ್‌ನ ಐಐಆರ್‌ಎಸ್ ಅನ್ನುವ ಇಸ್ರೋದ ತರಬೇತಿ ಸಂಸ್ಥೆ ಆನ್‌ಲೈನ್ ಪಾಠವನ್ನೂ ಉಚಿತವಾಗಿ ಕೊಡುತ್ತದೆ. ಸೀಟು ಸಿಗುವವರೆಗೆ ಅದನ್ನು ಮಾಡುತ್ತಿರಲಿ. ಮನೆಯಲ್ಲಿ ಸಿಗದೇ ಇರುವುದು ‘ಇದು ತಪ್ಪು’ ಅನ್ನುವ ಇನ್ನೊಬ್ಬರು.

ನನ್ನದೇ ಒಂದು ಪೇಚಾಟ ಹೇಳುತ್ತೇನೆ. ಓದುವಾಗ ಹಳೇ ಸರ್ವೆ ನಕ್ಷೆಯ ಮೇಲೆ ಒಂದು ತಿಂಗಳು ಕೂತು ಹಳ್ಳಿ ರಸ್ತೆಗಳನ್ನೆಲ್ಲ ಗೆರೆ ಎಳೆದಿದ್ದೆ. ಉಪಗ್ರಹದ ಚಿತ್ರದ ಮೇಲೆ ಇಟ್ಟೆ. ಚೆನ್ನಾಗಿಯೇ ಕೂತ ಹಾಗಿತ್ತು. ಪಕ್ಕದ ಸೀನಿಯರ್ ಒಬ್ಬರು ಬಗ್ಗಿ ನೋಡಿ, ‘ನಿಮ್ಮೂರಲ್ಲಿ ಬಸ್ಸು ಕೆರೆಯೊಳಗೆ ಓಡಾಡ್ತವಾ?’ ಅಂದರು. ಇಡೀ ರಸ್ತೆ ಕೆರೆಯ ನೀರಿನ ಮೇಲೆ ಹೋಗಿತ್ತು. ಹಳೇ ನಕ್ಷೆಗಳು ಎವರೆಸ್ಟ್ ಅನ್ನುವ ಭೂಮಿಯ ಆಕಾರದ ಲೆಕ್ಕದ ಮೇಲೆ ಮಾಡಿದವು. ಜಿಪಿಎಸ್, ಉಪಗ್ರಹದ ಲೆಕ್ಕ ಡಬ್ಲ್ಯುಜಿಎಸ್–84. ನಮ್ಮ ಭಾಗದಲ್ಲಿ ಎರಡಕ್ಕೂ ನೂರು ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಅದನ್ನು ಹೊಂದಿಸದೇ ಇಟ್ಟರೆ ರಸ್ತೆ ಕೆರೆಗೆ ಬೀಳದೆ ಇನ್ನೇನಾಗುತ್ತೆ? ಒಂದು ತಿಂಗಳ ಕೆಲಸ. ಸರಿ ಮಾಡಲು ಹಿಡಿದಿದ್ದು ಹತ್ತು ನಿಮಿಷ. ಒಬ್ಬನೇ ಕೂತಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಹಾಸನದವರಿಗೆ ಹಳೇ ನಕ್ಷೆಯಲ್ಲಿ ಇನ್ನೊಂದು ಶಿಕ್ಷೆಯಿದೆ. 13 ಡಿಗ್ರಿ ಅಕ್ಷಾಂಶ, 76 ಡಿಗ್ರಿ ರೇಖಾಂಶ ಕೂಡುವುದು ಪಟ್ಟಣದಿಂದ ಪಶ್ಚಿಮಕ್ಕೆ ಹತ್ತೇ ಕಿ.ಮೀ. ದೂರದಲ್ಲಿ, ಆಲೂರಿನ ಹತ್ತಿರ. ಹಳೇ ಹಾಳೆಗಳ ನಂಬರ್ ಬದಲಾಗುವುದೂ ಸರಿಯಾಗಿ ಅಲ್ಲೇ. 48ಓ, 48ಪಿ, 57ಸಿ, 57ಡಿ, ನಾಲ್ಕರ ಮೂಲೆ. ಆಲೂರು ಸುತ್ತಮುತ್ತ ಕೆಲಸ ಅಂದರೆ ನಾಲ್ಕು ಕಡೆಯ ಹಾಳೆ ಹುಡುಕಿ ಅಂಚಿಗೆ ಅಂಚು ಸೇರಿಸಬೇಕು.

ಲ್ಯಾಬ್ ಆರಿಸುವಾಗ ಕಂಪ್ಯೂಟರ್ ಎಣಿಸಬೇಡಿ. ಕಳೆದ ವರ್ಷದ ಹುಡುಗರು ಎಷ್ಟು ದಿನ ಫೀಲ್ಡಿಗೆ ಹೋಗಿದ್ದರು, ಎಲ್ಲಿಗೆ ಹೋಗಿದ್ದರು ಅಂತ ಕೇಳಿ. ಅವರ ಎರಡು ಪ್ರಾಜೆಕ್ಟ್ ವರದಿ ತೆಗೆಸಿ ಕೊನೆಯ ಪುಟಗಳನ್ನು ನೋಡಿ. ನಕ್ಷೆ ಎಷ್ಟು ಸರಿ, ಎಷ್ಟು ತಪ್ಪು ಅನ್ನುವ ಒಂದು ಕೋಷ್ಟಕ ಇರಬೇಕು. ಬಣ್ಣದ ನಕ್ಷೆ ಇದ್ದು ಆ ಕೋಷ್ಟಕ ಇಲ್ಲ ಅಂದರೆ ನಾನಾದರೆ ಮಗಳನ್ನು ಅಲ್ಲಿ ಸೇರಿಸುವುದಿಲ್ಲ. ಜಾಗವನ್ನು ಮಾಮೂಲಿ ಜಿಪಿಎಸ್‌ಗಿಂತ ನಿಖರವಾಗಿ ಗುರುತಿಸುವ ಡಿಜಿಪಿಎಸ್ ಇದೆಯಾ ಅಂತಲೂ ಕೇಳಿ. ಇದೆ ಅನ್ನುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಮತ್ತೆ ಕೇಳಿ. ಒಂದು ಕಡೆ ಆ ಪೆಟ್ಟಿಗೆಯ ಪ್ಲಾಸ್ಟಿಕ್ ಹಾಳೆ ಸಹ ಬಿಚ್ಚಿರಲಿಲ್ಲ, ಹಾಳಾದರೆ ಯಾರು ಹೊಣೆ ಅಂತ.

ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಗುತ್ತದೆ. ಶುರುವಿನಲ್ಲಿ ಬೆಂಗಳೂರು, ಹೈದರಾಬಾದ್‌ನಲ್ಲಿ ಗೆರೆ ಎಳೆಯುವ ಕೆಲಸ, ಇಲ್ಲವೇ ಸರ್ಕಾರಿ ಯೋಜನೆಗಳಲ್ಲಿ ವರ್ಷದ ಲೆಕ್ಕದ ಗುತ್ತಿಗೆ. ಅಲ್ಲೇ ಉಳಿಯಬಾರದು ಅಂದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮತ್ತು ಡೇಟಾಬೇಸ್ ಕಲಿಯಲೇಬೇಕು. ಬೆಳೆ ವಿಮೆ, ಅರಣ್ಯ, ನೀರಾವರಿ, ಈಗ ಕಾಫಿ ರಫ್ತು, ಎಲ್ಲ ಕಡೆ ಇದರ ಅಗತ್ಯ ಬರುತ್ತಿದೆ. ಇಸ್ರೋ ಬೇಕೇ ಬೇಕು ಅಂದರೆ ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ, ಅಂದರೆ ಎನ್‌ಆರ್‌ಎಸ್‌ಸಿ ಮೇಲೆ ಕಣ್ಣಿಡಲಿ.

ಸೇರುವ ಮುಂಚೆ ಒಂದು ವಾರದ ಕೆಲಸ ಕೊಡಿ. ಕ್ಯೂಜಿಐಎಸ್ ಹಾಕಿಕೊಂಡು ನಿಮ್ಮ ತೋಟದ ಎರಡು ಸೆಂಟಿನೆಲ್–2 ಚಿತ್ರ ಇಳಿಸಿಕೊಳ್ಳಲಿ. ಒಂದು ಮರಗಸಿಗೆ ಮುಂಚಿನದು, ಇನ್ನೊಂದು ಆದ ಮೇಲಿನದು. ಎರಡರ ಎನ್‌ಡಿವಿಐ ತೆಗೆದು, ಯಾವ ಚುಕ್ಕೆ ಇಳಿದಿದೆ ಅಂತ ಗುರುತು ಹಾಕಲಿ. ಆಮೇಲೆ ನೀವಿಬ್ಬರೂ ಆ ನಕ್ಷೆ ಹಿಡಿದು ತೋಟದಲ್ಲಿ ನಡೆಯಿರಿ. ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ನೀವೇ ಹೇಳಿ. ಈ ಕೆಲಸ ಅವಳಿಗೆ ಹಿಡಿಸುತ್ತದಾ ಇಲ್ಲವಾ ಅನ್ನುವುದು ಅಲ್ಲೇ ಗೊತ್ತಾಗುತ್ತೆ. ಎರಡನೇ ಚಿತ್ರ ಸಿಗುವುದು ಸ್ವಲ್ಪ ಕಷ್ಟ. ಮರಗಸಿ ಮುಗಿಯುವುದಕ್ಕೂ ಮಳೆ ಹಿಡಿಯುವುದಕ್ಕೂ ನಡುವೆ ಮೋಡ ಬಿಟ್ಟ ದಿನ ಒಂದೋ ಎರಡೋ ಇರುತ್ತೆ. ಈ ವರ್ಷದ್ದು ಸಿಗದಿದ್ದರೆ ಹಿಂದಿನ ವರ್ಷಗಳದ್ದು ಹುಡುಕಲಿ. ಯಾವ ವರ್ಷ ಯಾವ ಬ್ಲಾಕಿನಲ್ಲಿ ಮರಗಸಿ ಮಾಡಿಸಿದಿರಿ ಅನ್ನುವುದು ನಿಮ್ಮ ಆಳಿನ ಲೆಕ್ಕದ ಪುಸ್ತಕದಲ್ಲಿ ಇದ್ದೇ ಇರುತ್ತದಲ್ಲ.